ಕಂಕುಳಲ್ಲಿ ಇಟ್ಟುಕೊಳ್ಳುವ ಹೃದಯದಾಕಾರದ ದಿಂಬು: 14 ತಿಂಗಳು ಬಳಸಿದ ಮೇಲೆ

ಈ ದಿಂಬಿನ ಬಗ್ಗೆ ಆಪರೇಷನ್ ಆದ ಮೊದಲ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಐದನೇ ತಿಂಗಳಲ್ಲಿ ಬರೆದಿದ್ದರೆ ಕೋಪದಲ್ಲಿ ಒಂದೇ ಸ್ಟಾರ್ ಕೊಡುತ್ತಿದ್ದೆ. ಈಗ 14 ತಿಂಗಳು ಕಳೆದಿದೆ. ಅವತ್ತಿನ ಖುಷಿಯೂ ಸರಿ, ಆಮೇಲಿನ ಕೋಪವೂ ಸರಿ ಅನ್ನಿಸುತ್ತಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಸ್ತನ ಕ್ಯಾನ್ಸರ್ ಆಪರೇಷನ್‌ಗೆ ದಿನ ಗೊತ್ತಾಗಿರುವವರು, ಇಲ್ಲವೇ ಆಪರೇಷನ್ ಆಗಿ ತಿಂಗಳುಗಳು ಕಳೆದರೂ ನೋವು ಬಿಡದೆ ಇರುವವರು ದಯವಿಟ್ಟು ಕೊನೇವರೆಗೂ ಓದಿ. ದಿಂಬಿನ ಜೊತೆಗೆ ನೋವಿನ ವಿಷಯವೂ ಇದೆ. ಎರಡನ್ನೂ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಮೊದಲು ನನ್ನ ವಿಷಯ. ನನಗೆ 43 ವರ್ಷ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಬಲಗಡೆ ಸ್ತನವನ್ನು ಪೂರ್ತಿ ತೆಗೆದಿದ್ದಾರೆ, ಬಲ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿದ್ದಾರೆ. ಬೋರ್ಡ್ ಮೇಲೆ ಬರೆಯುವುದೂ ಬಲಗೈಯಲ್ಲೇ. ಆಪರೇಷನ್‌ಗೆ ಮುಂಚೆ ಕೀಮೋ ಆಗಿತ್ತು, ಆಮೇಲೆ 15 ದಿನದ ರೇಡಿಯೇಷನ್ ಆಯಿತು. ಈಗ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಕೊಡುವ ಟ್ಯಾಮೋಕ್ಸಿಫೆನ್ ಮಾತ್ರೆ ನಡೆಯುತ್ತಿದೆ.

ದಿಂಬು ತರಿಸಿದ್ದು ನನ್ನ ಅಕ್ಕ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಎರಡು ದಿಂಬು ತಂದು ಹಾಸಿಗೆ ಮೇಲಿಟ್ಟಳು. ಬೇರೆ ಬೇರೆ ಕಡೆ ತರಿಸಿದ್ದಳು, ಒಂದು ಸರಿ ಇಲ್ಲದಿದ್ದರೆ ಇನ್ನೊಂದು ಇರಲಿ ಅಂತ. ನೋಡಲು ಮಕ್ಕಳ ಆಟದ ಸಾಮಾನಿನ ಹಾಗಿತ್ತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತಲೇ ನನಗೆ ಗೊತ್ತಾಗಲಿಲ್ಲ. ಎದೆಗೆ ಒತ್ತಿಕೊಳ್ಳುವುದು ಅಂದುಕೊಂಡಿದ್ದೆ. ಹಾಗಲ್ಲ. ಹೃದಯದ ಮೇಲ್ಗಡೆ ನಡುವೆ ಒಂದು ತಗ್ಗು ಇರುತ್ತಲ್ಲ, ಆ ತಗ್ಗು ಕಂಕುಳಿಗೆ ಸರಿಯಾಗಿ ಕೂರಬೇಕು. ಎರಡು ಕಿವಿಗಳಲ್ಲಿ ಒಂದು ಎದೆಯ ಕಡೆ, ಇನ್ನೊಂದು ಬೆನ್ನಿನ ಕಡೆ ಬರುತ್ತದೆ. ಚೂಪು ತುದಿ ಕೆಳಗಡೆ. ಆಗ ತೋಳು ಮೈಗೆ ತಾಗದೆ ಸ್ವಲ್ಪ ದೂರ ನಿಲ್ಲುತ್ತದೆ. ಇದರ ಕೆಲಸ ಇಷ್ಟೇ. ಆದರೆ ಹೊಲಿಗೆ ಹಸಿಯಾಗಿರುವಾಗ, ಗಾಯದ ಒಳಗಿನ ನೀರು ಹೊರಗೆ ಹೋಗಲು ಹಾಕಿದ ಡ್ರೈನ್ ಟ್ಯೂಬ್ ಕಂಕುಳ ಕೆಳಗಿನಿಂದ ನೇತಾಡುತ್ತಿರುವಾಗ ಆ ನಾಲ್ಕು ಬೆರಳಿನ ದೂರವೇ ದೊಡ್ಡದು. ತೋಳಿನ ಭಾರ ಹೊಲಿಗೆ ಮೇಲೆ ಬೀಳುವುದಿಲ್ಲ. ಟ್ಯೂಬ್ ಚರ್ಮಕ್ಕೆ ಒತ್ತುವುದಿಲ್ಲ.

ಎರಡರಲ್ಲಿ ಒಂದು ಚೆನ್ನಾಗಿತ್ತು, ಇನ್ನೊಂದು ಚೆನ್ನಾಗಿರಲಿಲ್ಲ. ಕೊಳ್ಳುವವರಿಗೆ ಇದು ಮುಖ್ಯ. ಚೆನ್ನಾಗಿರದ ದಿಂಬಿನಲ್ಲಿ ಫೈಬರನ್ನು ಇಟ್ಟಿಗೆಯ ಹಾಗೆ ಗಟ್ಟಿಯಾಗಿ ತುಂಬಿದ್ದರು. ಹೆಬ್ಬೆರಳಿನಿಂದ ಒತ್ತಿದರೆ ಒಳಗೇ ಹೋಗುತ್ತಿರಲಿಲ್ಲ. ಜಿಪ್ ಇದ್ದದ್ದು ಸರಿಯಾಗಿ ಎದೆ ಕಡೆ ಬರುವ ಕಿವಿಯಲ್ಲಿ. ಜಿಪ್‌ನ ಹಲ್ಲು ಹೊಲಿಗೆ ಪಕ್ಕದ ಚರ್ಮಕ್ಕೆ ತಾಗಿದಾಗ ಎದ್ದು ಕೂತುಬಿಟ್ಟೆ. ಚೆನ್ನಾಗಿದ್ದದ್ದು ಮೆತ್ತನೆಯ ಹತ್ತಿ ಬಟ್ಟೆಯದ್ದು. ಜಿಪ್ ಇರಲಿಲ್ಲ, ಹೊಲಿಗೆ ಎಲ್ಲಾ ಒಳಗಡೆ. ಕೈಯಲ್ಲಿ ಹಿಡಿದು ಮಡಚಿದರೆ ಅರ್ಧಕ್ಕೆ ಮಡಚಿಕೊಳ್ಳುತ್ತಿತ್ತು. ಹೆಗಲಿಗೆ ಹಾಕಿಕೊಳ್ಳಲು ಒಂದು ಪಟ್ಟಿ ಇತ್ತು. ನಡೆಯುವಾಗ ದಿಂಬು ಜಾರಿ ಬೀಳದ ಹಾಗೆ ಇದು ತಡೆಯುತ್ತದೆ. ಆದರೆ ಪಟ್ಟಿಯ ಉದ್ದ ಹೆಚ್ಚು ಕಮ್ಮಿ ಮಾಡಲು ಆಗಬೇಕು. ನನ್ನದರಲ್ಲಿ ಆಗುತ್ತಿರಲಿಲ್ಲ. ಅಕ್ಕ ಗಂಟು ಹಾಕಿ ಸರಿ ಮಾಡಿಕೊಟ್ಟಳು. ತೂಗಿ ನೋಡಿದೆ, 180 ಗ್ರಾಂ ಇತ್ತು. ಇದಕ್ಕಿಂತ ತುಂಬಾ ಭಾರ ಇರುವುದು ಬೇಡ.

ಮೊದಲ ಮೂರು ವಾರ ಇದು ನನ್ನ ಕಂಕುಳು ಬಿಟ್ಟು ಹೋಗಲಿಲ್ಲ. ಅಂಗಾತ ಮಲಗಿದರೆ ಪಕ್ಕದಲ್ಲಿ, ಎಡ ಮಗ್ಗುಲಾಗಿ ಮಲಗಿದರೆ ಬಲಗೈ ಕೆಳಗೆ. ಕಾರಿನಲ್ಲಿ ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ. ಒಂದು ಸಲದ್ದು ಹೇಳಬೇಕು. ಆಪರೇಷನ್ ಆದ ಆರನೇ ದಿನ ಬೆಳಗ್ಗೆ ಸೀನು ಬರುವ ಹಾಗಾಯಿತು. ಸೀನು ಬರುತ್ತಿದೆ ಅಂತ ಗೊತ್ತಾಗುವುದಕ್ಕೂ ಅದು ಬರುವುದಕ್ಕೂ ನಡುವೆ ಎರಡು ಸೆಕೆಂಡ್ ಇರುತ್ತಲ್ಲ, ಆ ಎರಡು ಸೆಕೆಂಡಿನಲ್ಲಿ ನನಗೆ ಬಂದ ಭಯ ಕೀಮೋದ ಮೊದಲ ದಿನವೂ ಬಂದಿರಲಿಲ್ಲ. ಎದೆ ಬಿರಿದುಹೋಗುತ್ತದೆ ಅಂದುಕೊಂಡೆ. ಮಗಳು ಓಡಿಬಂದು ದಿಂಬನ್ನು ಎದೆಗೆ ಇಟ್ಟು, ಅದರ ಮೇಲೆ ನನ್ನ ಎರಡೂ ಕೈ ಇಟ್ಟು, ತನ್ನ ಕೈಯನ್ನೂ ಮೇಲಿಟ್ಟು ಒತ್ತಿ ಹಿಡಿದಳು. ಸೀನು ಬಂತು, ಹೋಯಿತು. ನೋವಾಯಿತು, ಆದರೆ ತಡೆಯುವಷ್ಟು. ಅವತ್ತಿನಿಂದ ಕೆಮ್ಮು ಬಂದರೂ, ನಗು ಬಂದರೂ ದಿಂಬು ಒತ್ತಿಕೊಳ್ಳುವುದು ಅಭ್ಯಾಸವಾಯಿತು. ಈ ಒಂದು ಉಪಯೋಗಕ್ಕೇ ಇದನ್ನು ಕೊಳ್ಳಬಹುದು. ಸಣ್ಣ ಮೆತ್ತನೆ ದಿಂಬು ಬೇರೆ ಯಾವುದಿದ್ದರೂ ಇದಕ್ಕೆ ಆಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕಂಕುಳಿಗೆ ಮಾತ್ರ ಈ ಆಕಾರವೇ ಸರಿ. ಸುತ್ತಿದ ಟವಲ್ ಇಟ್ಟು ನೋಡಿದ್ದೇನೆ, ಜಾರಿ ಹೋಗುತ್ತದೆ.

ಈಗ ಇನ್ನೊಂದು ಕಡೆಯ ಮಾತು.

ಐದನೇ ವಾರ ರೇಡಿಯೇಷನ್‌ಗೆ ಅಳತೆ ತೆಗೆಯುವ ಸ್ಕ್ಯಾನ್ ಇತ್ತು. ಅದಕ್ಕೆ ಕೈಯನ್ನು ತಲೆಯ ಮೇಲೆ ಎತ್ತಿ, ಅಲ್ಲಾಡದೆ ಮಲಗಬೇಕು. ನನ್ನ ಕೈ ಹೆಗಲಿನ ಮಟ್ಟ ದಾಟಲಿಲ್ಲ. ಅಲ್ಲಿದ್ದ ಹುಡುಗಿ ಎಷ್ಟು ನಿಧಾನವಾಗಿ ಎತ್ತಿಸಿದರೂ ಕಂಕುಳಿನಿಂದ ಮೊಣಕೈವರೆಗೆ ಒಳಗಡೆ ಯಾರೋ ದಾರ ಕಟ್ಟಿ ಎಳೆದ ಹಾಗೆ. ಆಮೇಲೆ ಫಿಸಿಯೋಥೆರಪಿಸ್ಟ್ ನೋಡಿ ಹೇಳಿದರು, ಅದು ನಿಜವಾಗಿಯೂ ದಾರದ ಹಾಗೇ ಇರುತ್ತದೆ ಅಂತ. ಕೈ ಚಾಚಿದಾಗ ಕಂಕುಳ ಚರ್ಮದ ಕೆಳಗೆ ಗಿಟಾರಿನ ತಂತಿಯಂತೆ ಎದ್ದು ಕಾಣುತ್ತಿತ್ತು. ಕಂಕುಳಿನ ಗ್ರಂಥಿ ತೆಗೆದವರಲ್ಲಿ ತುಂಬಾ ಜನಕ್ಕೆ ಹೀಗಾಗುತ್ತದಂತೆ. ಇದಕ್ಕೆ ಕಾರ್ಡಿಂಗ್ ಅನ್ನುತ್ತಾರೆ. ನಿಧಾನವಾಗಿ ಚಾಚಿಸಿ ಚಾಚಿಸಿ ಸಡಿಲ ಮಾಡಬಹುದು. ಎರಡು ವಾರದಲ್ಲಿ ರೇಡಿಯೇಷನ್‌ಗೆ ಬೇಕಾದಷ್ಟು ಕೈ ಮೇಲೆ ಬಂತು.

ಅಲ್ಲಿಗೇ ನಾನು ನಿಲ್ಲಿಸಿಬಿಟ್ಟೆ. ಇದು ನಾನು ಮಾಡಿದ ತಪ್ಪು. ರೇಡಿಯೇಷನ್ ಮುಗಿಯುವ ಹೊತ್ತಿಗೆ ಚರ್ಮ ಕೆಂಪಾಗಿ ಉರಿಯುತ್ತಿತ್ತು, ಸುಸ್ತು ಬೇರೆ. ದಿಂಬು ಮತ್ತೆ ಕಂಕುಳಿಗೆ ಬಂತು. ಬಂದದ್ದು ಹೋಗಲಿಲ್ಲ. ಹಗಲೂ ಅದೇ, ರಾತ್ರಿಯೂ ಅದೇ. ಟಿವಿ ನೋಡುವಾಗ, ಓದುವಾಗ, ಸುಮ್ನೆ ಕೂತಿದ್ದಾಗಲೂ.

ಮೂರನೇ ತಿಂಗಳು ದಾಟಿತು. ಗಾಯ ಪೂರ್ತಿ ಮಾಗಿತ್ತು. ನೋಡಿದವರೆಲ್ಲ ಚೆನ್ನಾಗಿ ಆಗಿದ್ದೀಯ ಅಂದರು. ಆದರೆ ನೋವು ಹೋಗಿರಲಿಲ್ಲ, ಬೇರೆ ರೂಪ ತಾಳಿತ್ತು. ತೋಳಿನ ಒಳಭಾಗದಲ್ಲಿ ಒಂದು ಅಂಗೈಯಗಲ ಮರಗಟ್ಟಿದ ಹಾಗೆ, ಮುಟ್ಟಿದರೆ ನನ್ನದಲ್ಲದ ಚರ್ಮದ ಹಾಗೆ. ಅದೇ ಜಾಗಕ್ಕೆ ತೋಳಿನ ಬಟ್ಟೆ ಸವರಿದರೆ ಮಾತ್ರ ಬೆಂಕಿ. ಗಟ್ಟಿಯಾಗಿ ಒತ್ತಿದರೆ ಅಷ್ಟು ನೋವಿಲ್ಲ, ಮೆಲ್ಲಗೆ ತಾಗಿದರೆ ತಡೆಯಲಾಗದು. ಇದನ್ನು ಯಾರಿಗೆ ಹೇಗೆ ಹೇಳುವುದು? ಎದೆಯ ಪಕ್ಕದಲ್ಲಿ ಆಗಾಗ ಕರೆಂಟ್ ಹೊಡೆದ ಹಾಗೆ. ರಾತ್ರಿ ಹೊತ್ತು, ಇಲ್ಲದ ಸ್ತನದಲ್ಲಿ ತುರಿಕೆ. ಕೈ ಹಾಕಿದರೆ ಅಲ್ಲಿ ತುರಿಸಲು ಏನೂ ಇಲ್ಲ. ಇದನ್ನು ಗಂಡನಿಗೆ ಹೇಳಲೂ ನನಗೆ ಎರಡು ತಿಂಗಳು ಬೇಕಾಯಿತು.

ಚೆಕಪ್‌ಗೆ ಹೋದಾಗ ಹೇಳಿದೆ. ಡಾಕ್ಟರ್ ಗಾಯ ನೋಡಿದರು, ರಿಪೋರ್ಟ್ ನೋಡಿದರು. "ಎಲ್ಲಾ ಕ್ಲೀನ್ ಆಗಿದೆ ಅಮ್ಮಾ, ಈಗ ನೋವು ಇರಬಾರದು. ಜಾಸ್ತಿ ಯೋಚನೆ ಮಾಡ್ತಿದ್ದೀರಿ" ಅಂದರು. ಕ್ಯಾನ್ಸರ್ ಮತ್ತೆ ಬಂದಿಲ್ಲ ಅಂತ ಕೇಳಿ ಸಮಾಧಾನವಾಯಿತು. ಆದರೆ ಹೊರಗೆ ಬಂದು ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಎಳೆದಾಗ ಅಳು ಬಂತು. ಇರಬಾರದ ನೋವು ನನಗೆ ಇದೆ ಅಂದರೆ ತಪ್ಪು ನನ್ನದೇ ಅನ್ನಿಸಿತು. ಈ ಮಾತು ಕೇಳಿಸಿಕೊಂಡವರು ಇನ್ನೂ ಯಾರಾದರೂ ಇದ್ದರೆ ಅವರಿಗೆ ಹೇಳುತ್ತೇನೆ: ನಿಮ್ಮ ತಪ್ಪಲ್ಲ, ನಿಮ್ಮ ಕಲ್ಪನೆಯೂ ಅಲ್ಲ.

ಐದನೇ ತಿಂಗಳಲ್ಲಿ ಅದೇ ಫಿಸಿಯೋಥೆರಪಿಸ್ಟ್ ಹತ್ತಿರ ಮತ್ತೆ ಹೋದೆ. ಅವರು ಒಂದು ಹಾಳೆಯ ಮೇಲೆ ಪಕ್ಕೆಲುಬು ಬರೆದು, ಎರಡನೇ ಎಲುಬಿನ ಕೆಳಗಿನಿಂದ ಒಂದು ಗೆರೆ ಎಳೆದು, ಅದನ್ನು ಕಂಕುಳ ಮೂಲಕ ತೋಳಿನ ಒಳಭಾಗಕ್ಕೆ ತಂದರು. ಅದು ಇಂಟರ್‌ಕಾಸ್ಟೋಬ್ರೇಕಿಯಲ್ ಅನ್ನುವ ನರ. ಅದರ ಕೆಲಸ ಕೈ ಆಡಿಸುವುದಲ್ಲ, ಸ್ಪರ್ಶ ತಿಳಿಸುವುದು ಅಷ್ಟೇ. ಕಂಕುಳಿನ ಗ್ರಂಥಿಗಳ ನಡುವೆಯೇ ಅದು ಹಾದುಹೋಗುತ್ತದೆ. ಗ್ರಂಥಿ ತೆಗೆಯುವಾಗ ಅದು ಎಳೆದಾಡಬಹುದು, ಒಂದೊಂದು ಸಲ ಕತ್ತರಿಸಿಯೂ ಹೋಗಬಹುದು. ಪೆಟ್ಟು ತಿಂದ ನರ ಸುಳ್ಳು ಸುದ್ದಿ ಕಳಿಸಲು ಶುರು ಮಾಡುತ್ತದೆ. ಬಟ್ಟೆ ತಾಗಿದರೆ ಬೆಂಕಿ ಅನ್ನುತ್ತದೆ. ನಾನು ತೋರಿಸಿದ ಅಂಗೈಯಗಲ ಜಾಗ ಅವರು ಹಾಳೆಯ ಮೇಲೆ ಗೆರೆ ಎಳೆದ ಜಾಗವೇ ಆಗಿತ್ತು. ನಾನು ತೋರಿಸುವ ಮುಂಚೆಯೇ ಎಳೆದಿದ್ದರು.

ಆಪರೇಷನ್ ಆಗಿ ಮೂರು ತಿಂಗಳು ದಾಟಿದರೂ ಇಂಥ ನೋವು ಉಳಿದರೆ ಅದಕ್ಕೆ ಒಂದು ಹೆಸರೇ ಇದೆ, ಪೋಸ್ಟ್ ಮ್ಯಾಸ್ಟೆಕ್ಟಮಿ ಪೇನ್ ಸಿಂಡ್ರೋಮ್, ಅಂದರೆ ಸ್ತನ ತೆಗೆದ ಮೇಲೆ ಉಳಿಯುವ ನೋವು. ಸ್ತನ ಪೂರ್ತಿ ತೆಗೆಯದೆ ಗೆಡ್ಡೆ ಮಾತ್ರ ತೆಗೆದವರಿಗೂ ಬರಬಹುದು. ಡೆನ್ಮಾರ್ಕ್‌ನಲ್ಲಿ ಆಪರೇಷನ್ ಆಗಿ ಎರಡು ಮೂರು ವರ್ಷ ಕಳೆದ 3 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಕೇಳಿ, 2009ರಲ್ಲಿ ಲೆಕ್ಕ ಪ್ರಕಟಿಸಿದ್ದಾರೆ. ಅವರಲ್ಲಿ ಶೇ. 47ರಷ್ಟು ಜನಕ್ಕೆ ನೋವು ಇನ್ನೂ ಇತ್ತು. ಚಿಕ್ಕ ವಯಸ್ಸಿನವರಲ್ಲಿ, ಕಂಕುಳಿನ ಗ್ರಂಥಿ ತೆಗೆಸಿಕೊಂಡವರಲ್ಲಿ, ರೇಡಿಯೇಷನ್ ಆದವರಲ್ಲಿ ಜಾಸ್ತಿ. ಹೆಚ್ಚು ಕಮ್ಮಿ ಇಬ್ಬರಲ್ಲಿ ಒಬ್ಬರು! ನಾನು ಗಣಿತದವಳು, ಆ ಅಂಕಿ ನೋಡಿ ನನಗೆ ಎಷ್ಟೋ ಧೈರ್ಯ ಬಂತು. ಇಷ್ಟು ಜನಕ್ಕೆ ಬರುವುದು "ಇರಬಾರದ" ನೋವು ಹೇಗಾಗುತ್ತದೆ?

ಅವತ್ತೇ ಅವರು ದಿಂಬಿನ ಮಾತೂ ಎತ್ತಿದರು. ನಾನು ದಿಂಬನ್ನು ಕುರ್ಚಿ ಮೇಲಿಟ್ಟು ಕನ್ನಡಿ ಮುಂದೆ ನಿಂತಿದ್ದೆ. "ಮೇಡಂ, ಕನ್ನಡಿ ನೋಡಿ. ದಿಂಬು ಎಲ್ಲಿದೆ?" ಅಂದರು. ಕುರ್ಚಿ ಮೇಲೆ ಅಂದೆ. "ಇಲ್ಲ, ಇನ್ನೂ ನಿಮ್ಮ ಕಂಕುಳಲ್ಲೇ ಇದೆ." ನೋಡಿದರೆ ನಿಜ. ಬಲ ಹೆಗಲು ಮೇಲಕ್ಕೆ, ಮುಂದಕ್ಕೆ ಸೆಟೆದುಕೊಂಡಿತ್ತು. ಮೊಣಕೈ ಮಡಚಿಕೊಂಡೇ ಇತ್ತು. ತೋಳು ಮೈಯಿಂದ ನಾಲ್ಕು ಬೆರಳು ದೂರದಲ್ಲಿ, ಇಲ್ಲದ ದಿಂಬನ್ನು ಹಿಡಿದುಕೊಂಡ ಹಾಗೆ ನಿಂತಿತ್ತು. ಐದು ತಿಂಗಳು ನಾನು ಹಾಗೇ ಓಡಾಡಿದ್ದೆ. ಕುತ್ತಿಗೆ ನೋವು, ಬೆನ್ನಿನ ಮೇಲ್ಭಾಗದ ನೋವು ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯಿತು.

"ನೋವಿರುವ ಜಾಗವನ್ನು ಮೈ ತಾನೇ ಕಾಯುತ್ತೆ. ಗಾಯ ಮಾಗೋವರೆಗೆ ಅದು ಒಳ್ಳೇದು. ಮಾಗಿದ ಮೇಲೂ ಕಾಯ್ತಾನೇ ಇದ್ದರೆ ಹೆಗಲು ಬಿಗಿಯುತ್ತೆ, ಅದು ಇನ್ನೊಂದು ನೋವು" ಅಂತ ಅವರು ಹೇಳಿದ್ದು. ಹಗಲಿನಲ್ಲಿ ದಿಂಬು ಬಿಡಿಸಿದರು. ಮನೆಗೆ ಬಂದವಳೇ ಆ ದಿಂಬನ್ನು ಅಲ್ಮೇರಾ ಮೇಲಕ್ಕೆ ಎಸೆದೆ. ಯಾರೂ ನನಗೆ ಇದನ್ನು ಮುಂಚೆ ಹೇಳಿರಲಿಲ್ಲ. ದಿಂಬಿನ ಜೊತೆ ಬಂದ ಚೀಟಿಯಲ್ಲಿ "ಎಷ್ಟು ದಿನ ಬೇಕಾದರೂ ಬಳಸಿ" ಅಂತ ಇತ್ತು. ಇದನ್ನು ಮಾರುವವರು ದಯವಿಟ್ಟು ಆ ಸಾಲು ತೆಗೆದು, ಗಾಯ ಮಾಗಿದ ಮೇಲೆ ಹಗಲಿನಲ್ಲಿ ಬಿಟ್ಟು ಕೈ ಆಡಿಸಿ ಅಂತ ಒಂದು ಸಾಲು ಸೇರಿಸಲಿ. ನಾನು ಒಂದು ಸ್ಟಾರ್ ಕಡಿಮೆ ಮಾಡುತ್ತಿರುವುದು ಇದೊಂದಕ್ಕೇ.

ದಿಂಬು ಬಿಟ್ಟು ನಾನು ಮಾಡಿದ್ದೇನು ಅಂತಲೂ ಹೇಳುತ್ತೇನೆ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ನಡೆಸುವುದು. ಎಲ್ಲಿ ಬಿಗಿಯಾಗುತ್ತದೋ ಅಲ್ಲಿ ನಿಂತು ಐದು ಸಲ ಹೊಟ್ಟೆಯಿಂದ ಉಸಿರು ತೆಗೆದುಕೊಳ್ಳುವುದು, ಇಳಿಸುವುದು. ಪ್ರತಿ ಭಾನುವಾರ ಮಗಳು ಬೆರಳು ಮುಟ್ಟಿದ ಜಾಗದಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಅವಳ ಎತ್ತರಕ್ಕೆ ನಾನು ಗೆರೆ ಎಳೆಯುತ್ತಿದ್ದದ್ದೂ ಅದೇ ಗೋಡೆಯ ಮೇಲೆ. ಮೊದಲ ಮೂರು ವಾರದ ಗೆರೆಗಳು ಒಂದರ ಮೇಲೊಂದು ಇದ್ದವು, ಏನೂ ವ್ಯತ್ಯಾಸ ಇರಲಿಲ್ಲ. ನಾಲ್ಕನೇ ವಾರ ಎರಡು ಬೆರಳು ಮೇಲೆ ಹೋಯಿತು. ಒಂದು ವಾರ ಜಾಸ್ತಿ ಮಾಡಿ ಕೆಳಗೂ ಬಂತು. ಎಷ್ಟು ಮಾಡಬೇಕು ಅನ್ನುವುದಕ್ಕೆ ಫಿಸಿಯೋ ಹೇಳಿದ ಲೆಕ್ಕ ಇದು: ಎಳೆದ ಹಾಗೆ ಆದರೆ ಪರವಾಗಿಲ್ಲ, ಚುಚ್ಚಿದ ಹಾಗೆ ಆದರೆ ನಿಲ್ಲಿಸಬೇಕು. ಇವತ್ತಿನ ನೋವು ನಾಳೆ ಬೆಳಗ್ಗೆಯೂ ಇದ್ದರೆ ನಾಳೆ ಅರ್ಧ ಮಾಡಬೇಕು, ಆದರೆ ಪೂರ್ತಿ ಬಿಡಬಾರದು.

ವ್ಯಾಯಾಮಕ್ಕೆ ಹೆದರುವವರಿಗೆ ಒಂದು ವಿಷಯ. ಬ್ರಿಟನ್‌ನ 17 ಕೇಂದ್ರಗಳಲ್ಲಿ 392 ಮಹಿಳೆಯರ ಮೇಲೆ ಪ್ರಾಸ್ಪರ್ ಅನ್ನುವ ಅಧ್ಯಯನ ನಡೆಯಿತು, 2021ರಲ್ಲಿ ಪ್ರಕಟವಾಯಿತು. ಹೆಗಲು, ಕೈ ತೊಂದರೆ ಬರುವ ಸಂಭವ ಜಾಸ್ತಿ ಇದ್ದವರನ್ನೇ ಆರಿಸಿ, ಆಪರೇಷನ್ ಆದ 7ರಿಂದ 10 ದಿನಕ್ಕೇ ಫಿಸಿಯೋಥೆರಪಿಸ್ಟ್ ಜೊತೆ ವ್ಯಾಯಾಮ ಶುರು ಮಾಡಿಸಿದರು. ಬರೀ ಕರಪತ್ರ ಕೊಟ್ಟು ಕಳಿಸಿದವರಿಗಿಂತ ಇವರ ಕೈ ಒಂದು ವರ್ಷದ ನಂತರ ಚೆನ್ನಾಗಿ ಆಡುತ್ತಿತ್ತು, ನೋವೂ ಕಡಿಮೆ ಇತ್ತು. ಕೈ ಊದಿಕೊಳ್ಳುವುದು ಅದರಿಂದ ಜಾಸ್ತಿ ಆಗಲಿಲ್ಲ. ನನಗೂ ಹತ್ತನೇ ದಿನವೇ ಯಾರಾದರೂ ಕೈ ಹಿಡಿದು ಮಾಡಿಸಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ. ಅದಕ್ಕೇ ನಿಮಗೆ ಹೇಳುತ್ತಿರುವುದು. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆಯೇ ಫಿಸಿಯೋಥೆರಪಿ ಯಾವಾಗಿಂದ ಅಂತ ಕೇಳಿ. ಅವರಾಗಿ ಹೇಳದಿದ್ದರೂ ಕೇಳಿ.

ಬಟ್ಟೆ ತಾಗಿದರೆ ಉರಿಯುವ ಜಾಗಕ್ಕೆ ಬೇರೆಯದೇ ಪಾಠ ಇತ್ತು. ಚರ್ಮಕ್ಕೆ ಸ್ಪರ್ಶವನ್ನು ಮತ್ತೆ ಕಲಿಸುವುದು. ಐದು ತುಂಡು ಬಟ್ಟೆ ಒಂದು ಡಬ್ಬಿಯಲ್ಲಿ ಹಾಕಿಟ್ಟುಕೊಂಡೆ. ರೇಷ್ಮೆ, ಹತ್ತಿಯ ಉಂಡೆ, ಹಳೇ ದುಪ್ಪಟ, ಟವಲ್, ಕೊನೆಗೆ ಉಣ್ಣೆ. ಮೊದಲು ನೋವಿಲ್ಲದ ಎಡ ತೋಳಿಗೆ ರೇಷ್ಮೆ ಸವರಿ, ಇದು ರೇಷ್ಮೆ, ಹೀಗಿರುತ್ತೆ ಅಂತ ಮನಸ್ಸಿಗೆ ಹೇಳಿಕೊಳ್ಳುವುದು. ಆಮೇಲೆ ಬಲ ತೋಳಿನ ನೋವಿನ ಜಾಗದ ಅಂಚಿನಿಂದ ಶುರು ಮಾಡಿ ಒಳಕ್ಕೆ ಬರುವುದು. ಎರಡೇ ನಿಮಿಷ. ದಿನಕ್ಕೆ ಮೂರು ನಾಲ್ಕು ಸಲ. ಮೊದಲ ದಿನ ರೇಷ್ಮೆಯೇ ಮರಳು ಕಾಗದದ ಹಾಗೆ ಕೆರೆಯಿತು, ಹಲ್ಲು ಕಚ್ಚಿಕೊಂಡು ಕೂತಿದ್ದೆ. ಟವಲ್‌ಗೆ ಬರಲು ಆರು ವಾರ ಆಯಿತು. ಒಂದು ಸಂಜೆ ಸ್ನಾನ ಮಾಡಿ ಮೈ ಒರೆಸಿಕೊಂಡು ಹೊರಗೆ ಬಂದು ಐದು ನಿಮಿಷದ ಮೇಲೆ ಹೊಳೆಯಿತು, ಆ ಜಾಗವನ್ನೂ ಟವಲ್‌ನಿಂದ ಒರೆಸಿಕೊಂಡಿದ್ದೇನೆ, ಗೊತ್ತೇ ಆಗಿಲ್ಲ ಅಂತ. ಗಂಡನನ್ನು ಕರೆದು ಹೇಳಿದೆ. ಅವರು ಏನೂ ಹೇಳದೆ ಟವಲ್ ತೆಗೆದುಕೊಂಡು ಒಣಗಿಹಾಕಲು ಹೋದರು, ತುಂಬಾ ಹೊತ್ತು ಬರಲಿಲ್ಲ.

ಔಷಧಿಯ ಬಗ್ಗೆ ಸ್ವಲ್ಪ. ಮಾಮೂಲಿ ನೋವಿನ ಮಾತ್ರೆ ನರದ ನೋವಿಗೆ ಅಷ್ಟಾಗಿ ಕೇಳುವುದಿಲ್ಲ. ಫಿಸಿಯೋ ಕಳಿಸಿದ ಪೇನ್ ಡಾಕ್ಟರ್ ನನಗೆ ಗ್ಯಾಬಪೆಂಟಿನ್ ಕೊಟ್ಟರು, ರಾತ್ರಿ ಹೊತ್ತಿಗೆ, ಕಡಿಮೆಯಿಂದ ಶುರು ಮಾಡಿ. ಮೊದಲ ವಾರ ಬೆಳಗ್ಗೆ ತಲೆ ತಿರುಗುತ್ತಿತ್ತು, ಗಾಡಿ ಓಡಿಸಲಿಲ್ಲ. ಇದನ್ನು ನಮ್ಮಷ್ಟಕ್ಕೆ ನಾವೇ ತಟ್ಟನೆ ನಿಲ್ಲಿಸಬಾರದು, ನಿಧಾನವಾಗಿ ಇಳಿಸಬೇಕು. ಲಿಡೊಕೇನ್ ಪ್ಯಾಚ್ ಕೂಡ ಕೊಟ್ಟರು, ಅಂಟಿಸಿದ ಜಾಗವನ್ನು ಮರಗಟ್ಟಿಸುವ ಪಟ್ಟಿ ಅದು. ಗಾಯ ಇಲ್ಲದ ಚರ್ಮಕ್ಕೆ ಮಾತ್ರ, 12 ಗಂಟೆ ಹಾಕಿದರೆ 12 ಗಂಟೆ ಬಿಡಬೇಕು. ನಾನು ಶಾಲೆಯ ಹೊತ್ತಿಗೆ ಹಾಕಿಕೊಳ್ಳುತ್ತಿದ್ದೆ. ಬಟ್ಟೆಯ ಉಜ್ಜಾಟ ಅಷ್ಟು ಹೊತ್ತು ತಪ್ಪುತ್ತಿತ್ತು.

ಟ್ಯಾಮೋಕ್ಸಿಫೆನ್ ತೆಗೆದುಕೊಳ್ಳುವವರು ಒಂದು ಮಾತು ನೆನಪಿಡಿ. ನರದ ನೋವಿಗೆ ಕೊಡುವ ಡುಲೋಕ್ಸೆಟಿನ್, ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಇಂಥ ಮಾತ್ರೆಗಳು ಟ್ಯಾಮೋಕ್ಸಿಫೆನ್ ಮೈಯಲ್ಲಿ ಕೆಲಸಕ್ಕೆ ಬರುವ ರೂಪಕ್ಕೆ ಬದಲಾಗುವುದಕ್ಕೆ ಅಡ್ಡಿ ಮಾಡಬಹುದು. ಆದ್ದರಿಂದ ಹೊಸ ಮಾತ್ರೆ ಯಾರು ಬರೆದುಕೊಟ್ಟರೂ ಟ್ಯಾಮೋಕ್ಸಿಫೆನ್ ನಡೆಯುತ್ತಿದೆ ಅಂತ ಮೊದಲೇ ಹೇಳಿ. ನನ್ನ ಪೇನ್ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಅದಾಗಿತ್ತು. ಹಾಗೆ ಕೇಳಿದ್ದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂತು.

ಡಾಕ್ಟರ್ ಹತ್ತಿರ ಹೋಗುವಾಗ "ನೋವಿದೆ" ಅಂತ ಹೇಳುವ ಬದಲು ಬರೆದುಕೊಂಡು ಹೋಗಿ. ನಾನು ಚಿಕ್ಕ ನೋಟ್‌ಬುಕ್ ಇಟ್ಟಿದ್ದೆ. ಸೊನ್ನೆಯಿಂದ ಹತ್ತರವರೆಗೆ ಎಷ್ಟು, ಎಲ್ಲಿ, ಉರಿಯೋ ಸೆಳೆತವೋ ಕರೆಂಟೋ, ಆಗ ಏನು ಮಾಡುತ್ತಿದ್ದೆ, ಇಷ್ಟೇ. "ಬೋರ್ಡ್ ಮೇಲೆ 10 ನಿಮಿಷ ಬರೆದ ಮೇಲೆ 7, ಉರಿ, ತೋಳಿನ ಒಳಗೆ" ಅಂತ ಓದಿ ಹೇಳಿದಾಗ ಯಾರೂ ಯೋಚನೆ ಜಾಸ್ತಿ ಮಾಡ್ತಿದ್ದೀರಿ ಅನ್ನಲಿಲ್ಲ. ಇನ್ನೊಂದು ವಿಷಯ. ನರದ ನೋವು ಅಂತ ಗೊತ್ತಾಯಿತಲ್ಲ ಅಂತ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ. ಹೊಸ ಗಂಟು, ಕೈ ಊತ, ಕೆಂಪಾಗಿ ಬಿಸಿಯಾಗುವುದು, ಜ್ವರ, ಬೆನ್ನಿನ ಎಲುಬಿನಲ್ಲೋ ಬೇರೆ ಎಲುಬಿನಲ್ಲೋ ದಿನದಿನಕ್ಕೆ ಜಾಸ್ತಿ ಆಗುವ ನೋವು, ಇವು ಕಂಡರೆ ಕಾಯದೆ ತೋರಿಸಬೇಕು.

ಮತ್ತೆ ದಿಂಬಿಗೆ ಬರುತ್ತೇನೆ. ಏಳನೇ ತಿಂಗಳಲ್ಲಿ ಅಲ್ಮೇರಾ ಮೇಲಿಂದ ಅದನ್ನು ಇಳಿಸಿದೆ. ಫಿಸಿಯೋನೇ ಹೇಳಿದರು, ಬಿಡಿ ಅಂದದ್ದು ಹಗಲಿಗೆ, ರಾತ್ರಿಗಲ್ಲ ಅಂತ. ಈಗಲೂ ಎಡ ಮಗ್ಗುಲಾಗಿ ಮಲಗುವಾಗ ಬಲಗೈ ಕೆಳಗೆ ಅದೇ ಬೇಕು. ಇಲ್ಲದಿದ್ದರೆ ತೋಳು ಎದೆಯ ಮೇಲೆ ಬಿದ್ದು ಎರಡು ಗಂಟೆಗೆ ಎಚ್ಚರವಾಗುತ್ತದೆ. ದೂರದ ಪ್ರಯಾಣಕ್ಕೆ ಸೀಟ್ ಬೆಲ್ಟ್ ಕೆಳಗೆ ಬೇಕು. ಶಾಲೆಯಲ್ಲಿ ಸ್ಟಾಫ್ ರೂಮಿನ ಡ್ರಾಯರ್‌ನಲ್ಲಿ ಒಂದು ಇಟ್ಟಿರುತ್ತೇನೆ. ಸತತ ಮೂರು ಪೀರಿಯಡ್ ಇದ್ದ ದಿನ ಹತ್ತು ನಿಮಿಷ ಅದರ ಮೇಲೆ ತೋಳಿಟ್ಟು ಕೂರುತ್ತೇನೆ. ಗಡಿಯಾರ ನೋಡಿಕೊಂಡು ಹತ್ತೇ ನಿಮಿಷ. ಆಮೇಲೆ ಡ್ರಾಯರ್ ಒಳಗೆ.

ಬಾಳಿಕೆ ಸುಮಾರು. ಹತ್ತು ಹನ್ನೆರಡು ಸಲ ಒಗೆದ ಮೇಲೆ ಒಳಗಿನ ಫೈಬರ್ ಗಂಟುಗಂಟಾಗಿ ಒಂದು ಕಿವಿ ಚಪ್ಪಟೆಯಾಯಿತು. ಹೊಲಿಗೆ ಬಿಚ್ಚಿ, ಬಿಡಿಸಿ, ಮತ್ತೆ ತುಂಬಬೇಕಾಯಿತು. ಸೆಕೆಯಲ್ಲಿ ಬೆವರು ಕುಡಿದು ಒದ್ದೆಯಾಗುತ್ತದೆ. ರೇಡಿಯೇಷನ್ ಆದ ಚರ್ಮಕ್ಕೆ ಬೆವರು ಒಳ್ಳೆಯದಲ್ಲ. ಆದ್ದರಿಂದ ಬದಲಾಯಿಸಲು ಬರುವ ಹೊರಕವಚ ಇರುವುದನ್ನೇ ಕೊಳ್ಳಿ, ಎರಡು ಕವಚ ಇದ್ದರೆ ಇನ್ನೂ ಒಳ್ಳೇದು. ಕೈ ಊತಕ್ಕೆ ಇದು ಔಷಧಿ ಅಂತ ಕೆಲವರು ಮಾರುತ್ತಾರೆ, ನಂಬಬೇಡಿ. ಊತಕ್ಕೆ ಬೇರೆ ಚಿಕಿತ್ಸೆ ಇದೆ, ದಿಂಬಿನಿಂದ ಅದು ಇಳಿಯುವುದಿಲ್ಲ.

ನನ್ನ ನೋವು ಈಗ ಹೇಗಿದೆ ಅಂದರೆ, ಹೋಗಿಲ್ಲ. ಹೆಚ್ಚಿನ ದಿನ ನೋಟ್‌ಬುಕ್‌ನಲ್ಲಿ 2 ಅಥವಾ 3 ಬರೆಯುತ್ತೇನೆ. ತಣ್ಣನೆ ಗಾಳಿ ಬೀಸಿದ ದಿನ, ನಿದ್ದೆ ಕೆಟ್ಟ ಮರುದಿನ 5 ಆಗುತ್ತದೆ. ತೋಳಿನ ಒಳಗಿನ ಮರಗಟ್ಟಿದ ಜಾಗ ಅಂಗೈಯಗಲದಿಂದ ಮೂರು ಬೆರಳಿನಗಲಕ್ಕೆ ಬಂದಿದೆ. ಗೋಡೆಯ ಗೆರೆ ಎಡಗೈ ಗೆರೆಗಿಂತ ಎರಡು ಬೆರಳು ಕೆಳಗೆ ನಿಂತಿದೆ. ಬೋರ್ಡ್‌ನ ಮೇಲಿನ ಸಾಲಿನಲ್ಲಿ ತಾರೀಖು ಬರೆಯುತ್ತೇನೆ. ಮೊದಲೆಲ್ಲ ಅದನ್ನು ಮಕ್ಕಳಿಂದ ಬರೆಸುತ್ತಿದ್ದೆ.

ನನ್ನ ರೇಟಿಂಗ್ ನಾಲ್ಕು. ಆಪರೇಷನ್‌ಗೆ ಮುಂಚೆಯೇ ತರಿಸಿಟ್ಟುಕೊಳ್ಳಿ, ಎರಡು ಬೇಡ, ಒಂದು ಒಳ್ಳೆಯದು ಸಾಕು.

ಆ ಗಟ್ಟಿ ದಿಂಬು ಏನಾಯಿತು ಅಂತ ಹೇಳಿಲ್ಲ. ಕಳೆದ ತಿಂಗಳು ನಮ್ಮ ಶಾಲೆಯ ಇನ್ನೊಬ್ಬ ಟೀಚರ್‌ಗೆ ಇದೇ ಆಪರೇಷನ್ ಅಂತ ಗೊತ್ತಾಯಿತು. ಮನೆಗೆ ಬಂದು ಅದರ ಹೊಲಿಗೆ ಬಿಚ್ಚಿದೆ. ಎರಡು ಹಿಡಿ ಫೈಬರ್ ಹೊರಗೆ ತೆಗೆದೆ. ಜಿಪ್ ಕತ್ತರಿಸಿ ಬಿಸಾಡಿ, ಆ ಜಾಗವನ್ನು ಒಳಗಡೆಯಿಂದ ಹೊಲಿದೆ. ಹೆಬ್ಬೆರಳು ಒತ್ತಿ ನೋಡಿದೆ, ಮೆತ್ತಗೆ ಒಳಗೆ ಹೋಯಿತು. ಒಗೆದು ಒಣಗಿಸಿ, ಒಂದು ಚೀಟಿ ಬರೆದು ಪಟ್ಟಿಗೆ ಪಿನ್ ಮಾಡಿ ಕೊಟ್ಟೆ: "ತಗ್ಗು ಕಂಕುಳಿಗೆ, ತುದಿ ಕೆಳಗೆ. ಸೀನು ಬಂದರೆ ಎದೆಗೆ ಒತ್ತಿಕೋ. ಗಾಯ ಮಾಗಿದ ಮೇಲೆ ಹಗಲಲ್ಲಿ ಬಿಟ್ಟುಬಿಡು. ಮೂರು ತಿಂಗಳ ಮೇಲೂ ನೋವಿದ್ದರೆ ನನಗೆ ಫೋನ್ ಮಾಡು, ಯಾವ ಹೊತ್ತಾದರೂ ಸರಿ."